ಕಾಂಜಿ ಬರೆಸಿದ ನಮ್ಮ ಸರ್

ನಮ್ಮ ಸರ್ ತುಂಬಾ ಅಂಜುವ ಮನುಷ್ಯರು. ಮನೆಗೆ ಬೀಗ ಹಾಕಿದರೆ ಅದನ್ನು ಹಿಡಿದು ಜಗ್ಗುವರು, ಓಣಿಯ ತುದಿಯವರೆಗೆ ಹೋಗಿ ಮತ್ತೆ ವಾಪಸ್ಸು ಬಂದು ಜಗ್ಗುವರು. ಗ್ಯಾಸ್ ಬಂದ್ ಮಾಡಿದೆಯಾ ಎಂದು ಹೆಂಡತಿಯನ್ನು ಕೇಳುವರು, ಅವರು ಹೂಂ ಎಂದ ಮೇಲೂ ತಾವೇ ಎದ್ದು ಹೋಗಿ ನೋಡುವರು. ಪಾಠ ಮುಗಿಸಿ ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹತ್ತಿದ ನಾವು ನಮ್ಮೂರು ಮುಟ್ಟಿದ ಕೂಡಲೇ ಅವರಿಗೆ ಫೋನ್ ಮಾಡಬೇಕು. ಮರೆತರೆ ಅವರೇ ಮಾಡುತ್ತಿದ್ದರು. "ಮುಟ್ಟಿದೇನವ್ವಾ?" ಎಂಬುದಷ್ಟೇ ಮಾತು. ಮುಟ್ಟಿದೆ ಸರ್ ಎಂದರೆ ಫೋನ್ ಇಡುವರು. ಒಂದು ದಿನ ನನ್ನ ಫೋನು ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಅವತ್ತು ಅವರು ಕೂಡ್ಲಿಗಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ ನಂಬರು ಹುಡುಕಿ, ಡ್ಯೂಟಿ ಡಾಕ್ಟರನ್ನೇ ಫೋನಿಗೆ ಕರೆಸಿ, ರಸ್ತೆಯಲ್ಲಿ ಬಸ್ಸೇನಾದರೂ ಪಲ್ಟಿಯಾದ ಸುದ್ದಿ ಬಂದಿದೆಯೇ ಎಂದು ವಿಚಾರಿಸಿದ್ದರು. ಆ ಡಾಕ್ಟರು ಎಷ್ಟೋ ದಿನ ನನ್ನನ್ನು ಕಂಡಾಗಲೆಲ್ಲ "ಮುಟ್ಟಿದೇನವ್ವಾ?" ಎಂದು ನಗುತ್ತಿದ್ದರು.

ಈ ಮಳೆಗಾಲದಲ್ಲಿ ಸರ್ ತೀರಿಕೊಂಡರು. ನಾನು ಆಗ ಜಪಾನಿನಲ್ಲಿದ್ದೆ, ಈಗಲೂ ಇಲ್ಲೇ ಇದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಣ್ಣ ಆಶ್ರಯಧಾಮದಲ್ಲಿ ಕೆಲಸ. ದಿನವೂ ಡ್ಯೂಟಿ ಮುಗಿಯುವಾಗ ನಾನು ಇಲ್ಲಿನ ಭಾಷೆಯಲ್ಲಿ ಕೈಯಿಂದ ನಾಲ್ಕು ಸಾಲು ಬರೆದಿಟ್ಟು ಹೋಗುತ್ತೇನೆ. ಆ ನಾಲ್ಕು ಸಾಲು ಅವರು ಕೊಟ್ಟದ್ದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ನಾಲ್ಕು ಜನರ ಬಾಯಿಗೆ ಬಿದ್ದರೆ ಏನಾದರೂ ಆದೀತು ಎಂದು ಅವರಿಗೆ ಅದಕ್ಕೂ ಅಂಜಿಕೆಯಿತ್ತು. ಮನೆಯ ಮುಂದೆ ಪಾಠದ ಬೋರ್ಡು ಕೂಡ ಹಾಕಿಸಿರಲಿಲ್ಲ.

ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊಬೈಲಿನಲ್ಲೇ ಜಪಾನಿ ಭಾಷೆ ಕಲಿತು, ಅಲ್ಲಿಗೆ ಹೋಗಲು ಬೇಕಾದ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಆ ಪರೀಕ್ಷೆಯಲ್ಲಿ ಒಂದಕ್ಷರವನ್ನೂ ಬರೆಯಬೇಕಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಿತು. ಜಪಾನಿಗಳಿಗೆ ಮೂರು ಬಗೆಯ ಲಿಪಿ. ಎರಡು ನಮ್ಮ ಕಾಗುಣಿತದ ಹಾಗೆ ಉಚ್ಚಾರಕ್ಕೆ ಇರುವಂಥವು, ಬೇಗ ಬರುತ್ತವೆ. ಮೂರನೆಯದು ಕಾಂಜಿ. ಅದರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ, ಒಂದೊಂದರಲ್ಲಿ ಹತ್ತು ಹದಿನೈದು ಗೆರೆ, ಅಂಥವು ಸಾವಿರಾರು. ಕಣ್ಣಿಗೆ ಬಿದ್ದರೆ ನನಗೆ ಗುರುತು ಹತ್ತುತ್ತಿತ್ತು. ಬರೆ ಎಂದರೆ ಕೈ ನಿಂತುಬಿಡುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಏಜೆನ್ಸಿಯವರು ಫೋನ್ ಮಾಡಿದರು. ನನ್ನನ್ನು ತೆಗೆದುಕೊಳ್ಳಲು ಒಪ್ಪಿರುವ ಆಶ್ರಯಧಾಮ ಹಳೆಯ ಪದ್ಧತಿಯದು, ಅಲ್ಲಿ ಪ್ರತಿಯೊಬ್ಬರ ದಿನದ ವರದಿಯನ್ನು ಇನ್ನೂ ಕೈಯಲ್ಲೇ ಬರೆಯುತ್ತಾರೆ, ಬೇಸಿಗೆಯಲ್ಲಿ ವಿಡಿಯೋದಲ್ಲಿ ಸಂದರ್ಶನ, ಕ್ಯಾಮೆರಾದ ಮುಂದೆಯೇ ಬರೆಸುತ್ತಾರೆ ಎಂದರು. "ಚಂದ ಇರಬೇಕಿಲ್ಲ, ಓದೋಕೆ ಬಂದರೆ ಸಾಕು" ಎಂದು ಸಮಾಧಾನವನ್ನೂ ಹೇಳಿದರು. ನನಗೆ ಊಟ ಸೇರದಾಯಿತು. ಯಾವುದೋ ಒಂದು ಕಾಂಜಿಯನ್ನು ನೆನೆದು ಸೀರಿಂಜಿನ ಡಬ್ಬಿಯ ಮೇಲೆ ಗೀಚಿ ನೋಡಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ನಾನು ಬರೆದದ್ದು ಏನೆಂದು ನನಗೇ ತಿಳಿಯಲಿಲ್ಲ.

ಸರ್ ಬಗ್ಗೆ ಹೇಳಿದವನು ಜಾಫರ್. ಕೊಟ್ಟೂರಿನಲ್ಲಿ ಅವನದೊಂದು ಗ್ಯಾರೇಜು, ನಮ್ಮ ಆಂಬುಲೆನ್ಸು ರಿಪೇರಿಗೆ ಅಲ್ಲಿಗೇ ಹೋಗುತ್ತಿತ್ತು. ಅವನೂ ಜಪಾನಿಗೆ ಗಾಡಿ ರಿಪೇರಿಯ ಕೆಲಸಕ್ಕೆ ಹೋಗಲು ಓದುತ್ತಿದ್ದ.

"ಹಗರಿಬೊಮ್ಮನಹಳ್ಳ್ಯಾಗ ಒಬ್ರು ಸರ್ ಅದಾರ ಅಕ್ಕಾರ," ಎಂದ. "ಬರಿಯೋದು ಬಿಟ್ರ ಬ್ಯಾರೆ ಏನೂ ಕಲಸಂಗಿಲ್ಲ. ಆದ್ರ ಅವ್ರು ಕಲಿಸಿದ್ದು ಬರದ್ರ ಜಪಾನಿನ ಮಂದಿ ಓದ್ತಾರ. ಒಂದೇ ತ್ರಾಸು ಅಂದ್ರ, ಬೈಕ್ ಮ್ಯಾಲ ಹೋಗಂಗಿಲ್ಲ. ಬಸ್ಸಿಗೇ ಬರಬೇಕಂತಾರ."

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸರ್ ಮನೆ. ಹೊರಗಿನ ಕೋಣೆಯಲ್ಲಿ ಬುದ್ಧನ ಪಟ, ಒಂದು ಕರಿಹಲಗೆ, ಚಾಪೆ. ಹುಡುಗರಾಗಿದ್ದಾಗ ಫಿಟ್ಟರ್ ಕೆಲಸ ಕಲಿತು ಯಾವುದೋ ಕಂಪನಿಯ ಕಡೆಯಿಂದ ಜಪಾನಿಗೆ ಹೋದವರು ಹತ್ತಾರು ವರ್ಷ ಅಲ್ಲಿದ್ದು ಬಂದಿದ್ದರು. ಆಮೇಲೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದು ನಿವೃತ್ತರಾಗಿದ್ದರು. ತೆಳ್ಳಗೆ, ಎತ್ತರ, ಅಂಗಿಯ ಗುಂಡಿ ಕೊರಳತನಕ ಹಾಕಿರುತ್ತಿದ್ದರು. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕನ ತವರು ಹರಪನಹಳ್ಳಿ ಹತ್ತಿರದ ಬಾಗಳಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಗಂಡನ ಜಪಾನಿ ಅಕ್ಷರಗಳ ತಂಟೆಗೆ ಅವರು ಎಂದೂ ಹೋದವರಲ್ಲ.

ಮೊದಲ ದಿನ ಸರ್ ನನಗೊಂದು ಹಾಳೆ ಕೊಟ್ಟರು. ಅದರಲ್ಲಿ ಸ್ಕೇಲು ಹಿಡಿದು ತಾವೇ ಎಳೆದ ದೊಡ್ಡ ದೊಡ್ಡ ಚೌಕಗಳು, ಚೌಕದ ನಡುವೆ ಅಡ್ಡ ಒಂದು, ಉದ್ದ ಒಂದು ಚುಕ್ಕಿಗೆರೆ.

"ಒಂದು ಅಕ್ಷರಕ್ಕ ಒಂದು ಮನಿ," ಎಂದರು. "ಮನಿ ತುಂಬಬೇಕು, ಗ್ವಾಡಿಗೆ ಬಡೀಬಾರದು. ಔಷಧ ಅಂತ ಬರಿ."

ನಾನು ಬರೆದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಿನಗ ತಿಳೀತೈತಿ. ನಿನ್ನ ನಂತ್ರ ಡ್ಯೂಟಿಗೆ ಬರಾಕಿಗೆ ತಿಳೀತೈತೇನು?"

"ಇಲ್ಲ ಸರ್."

"ಹಂಗಾರ ನೀ ಬರದಿಲ್ಲ ಅಂತ ಅರ್ಥ. ಅಳಿಸು."

ಕಾಂಜಿಯ ತುಂಡುಗಳಿಗೆಲ್ಲ ಅವರು ಕನ್ನಡದಲ್ಲಿ ಹೆಸರಿಟ್ಟಿದ್ದರು. ಔಷಧ ಎಂಬ ಅಕ್ಷರ 薬. ಇದನ್ನು ಅವರು ಬಾಯಲ್ಲೇ ಬರೆಸುವರು: "ಮ್ಯಾಲ ಹುಲ್ಲು. ನಡುವ ಬಿಳಿದು. ಬಿಳಿದಕ್ಕ ಆಜೂ ಬಾಜೂ ಎರಡೆರಡು ಚುಕ್ಕಿ. ಕೆಳಗ ಗಿಡ. ಗಿಡದ ಟೊಂಗಿ ಅಗಲ ಚಾಚಲಿ, ಮ್ಯಾಲಿಂದೆಲ್ಲ ಅದ್ರ ಮ್ಯಾಲೇ ಕುಂದ್ರಬೇಕು." ಹೀಗೆ ಹೇಳಿಸಿಕೊಂಡು ಬರೆದದ್ದು ಮತ್ತೆ ಮರೆಯುತ್ತಿರಲಿಲ್ಲ. ಮಾಳಿಗೆಯ ಕೆಳಗೆ ಹೆಂಗಸನ್ನು ಬರೆದರೆ ನೆಮ್ಮದಿ ಎಂದು ಅರ್ಥ, 安. ಅದನ್ನು ಹೇಳಿಕೊಟ್ಟ ದಿನ ಅಡುಗೆಮನೆಯಿಂದ ಅಕ್ಕ ಕೂಗಿ ಕೇಳಿದರು: "ಯಾರಿಗೆ ನೆಮ್ಮದಿ ಅಂತೆ? ಒಳಗಿರೋ ಹೆಂಗಸಿಗೋ, ಹೊರಗೆ ಕುಂತು ಪಾಠ ಹೇಳೋರಿಗೋ?" ಸರ್ ಗ್ಯಾಸು ನೋಡಲು ಎದ್ದು ಹೋದರು.

ಯಾರು ಎಷ್ಟು ಚೆನ್ನಾಗಿ ಬರೆದರೂ ಅವರ ಬಾಯಿಂದ ಭೇಷ್ ಎಂಬುದು ಬರುತ್ತಿರಲಿಲ್ಲ. ಬಹಳ ಮೆಚ್ಚಿಕೆಯಾದರೆ "ಓದಾಕ ಬರ್ತೈತಿ" ಎನ್ನುವರು. ಅದನ್ನು ಕೇಳಲು ನಾನು ಕೂಡ್ಲಿಗಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ.

ಒಮ್ಮೆ ಜಾಫರ್ ಕೇಳಿಯೇಬಿಟ್ಟ. "ಸರ್, ಈಗ ಎಲ್ರೂ ಫೋನಿನ್ಯಾಗ ಟೈಪ್ ಮಾಡ್ತಾರ. ಒಂದು ಗೆರಿ ಹೆಚ್ಚುಕಡಿಮಿ ಆದ್ರ ಏನಾಗ್ತೈತ್ರಿ?"

ಸರ್ ಹಲಗೆಯ ಮೇಲೆ ಎರಡು ಅಕ್ಷರ ಬರೆದರು. 上 ಎಂದರೆ ಮೇಲೆ. 止 ಎಂದರೆ ನಿಲ್ಲಿಸು. ಎರಡನೆಯದಕ್ಕೆ ಎಡಗಡೆ ಒಂದು ಸಣ್ಣ ಗೆರೆ ಹೆಚ್ಚಿಗೆ ನಿಂತಿದೆ, ಅಷ್ಟೇ ವ್ಯತ್ಯಾಸ. ಬರೆದಾದ ಮೇಲೆ ಚಾಪೆಯ ಮೇಲೆ ಕುಳಿತು ನಿಧಾನಕ್ಕೆ ಹೇಳಿದರು. ಜಪಾನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗಿನ ಮಾತು. ಭಾರದ ಕಬ್ಬಿಣ ಎತ್ತುವ ಯಂತ್ರದ ಕೆಳಗೆ ಇಬ್ಬರು ರಿಪೇರಿ ಮಾಡುತ್ತಿದ್ದರು. ಸ್ವಿಚ್ಚಿಗೆ 'ನಿಲ್ಲಿಸು' ಎಂದು ಚೀಟಿ ಕಟ್ಟು ಎಂದು ಮೇಸ್ತ್ರಿ ಇವರಿಗೆ ಹೇಳಿದ. ಇವರು ಗ್ರೀಸಿನ ಕೈಯಲ್ಲಿ, ಅವಸರದಲ್ಲಿ ಬರೆದರು. ಆ ಸಣ್ಣ ಗೆರೆ ಕಾಗದಕ್ಕೆ ಹತ್ತಲೇ ಇಲ್ಲ. ಮುಂದಿನ ಪಾಳಿಗೆ ಬಂದವನು ಚೀಟಿ ನೋಡಿ 'ಮೇಲೆ' ಎಂದು ಓದಿಕೊಂಡು ಗುಂಡಿ ಒತ್ತಿದ. ಕಬ್ಬಿಣ ಮೇಲೆದ್ದು, ವಾಲಿ, ಕೆಳಗೆ ಬಿತ್ತು.

"ಕೆಳಗಿದ್ದವ್ರು?" ಜಾಫರನ ದನಿ ಇಳಿದಿತ್ತು.

"ಆಗಷ್ಟ ಚಾ ಕುಡಿಯಾಕ ಹೊರಗ ಹೋಗಿದ್ರು. ಯಾರಿಗೂ ಏನೂ ಆಗ್ಲಿಲ್ಲ."

"ಸದ್ಯ ಬದುಕಿದ್ವಿ ಬಿಡ್ರಿ ಸರ್."

"ಏನೂ ಆಗ್ಲಿಲ್ಲಂತನ ನನ್ನ ಅಂಜಿಕಿ ಮುಗೀಲಿಲ್ಲಪಾ. ಏನರ ಆಗಿದ್ರ ಅತ್ತು ಕರದು ಎಂದರ ಒಂದಿನ ಮುಗೀತಿತ್ತು. ಆಗ್ದೇ ಇದ್ದದ್ದು ದಿನಾ ಕಣ್ಣಮುಂದ ಆಗ್ತೈತಿ."

ಶಿವರಾತ್ರಿ ಕಳೆದ ಮೇಲೆ ಒಂದು ರಜೆಯ ದಿನ ಅಕ್ಕ, ಸರ್ ಇಬ್ಬರೂ ನನ್ನನ್ನು, ಜಾಫರನನ್ನು ಅಕ್ಕನ ತವರಿಗೆ ಊಟಕ್ಕೆ ಕರೆದೊಯ್ದರು. ಬಾಗಳಿಯ ಕಲ್ಲೇಶ್ವರನ ಗುಡಿಯಲ್ಲಿ ಹಳೆಯ ಶಾಸನದ ಕಲ್ಲುಗಳಿವೆ. ಆ ಹಳಗನ್ನಡದ ಲಿಪಿ ನಮಗ್ಯಾರಿಗೂ ಓದಲು ಬಾರದು. ಸರ್ ಮಾತ್ರ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಅಕ್ಷರದ ತುದಿಯನ್ನೂ ಬೆರಳಿಂದ ಮುಟ್ಟಿ ನೋಡಿದರು. "ಕೆತ್ತಿದಾತ ಅವಸರ ಮಾಡಿಲ್ಲ ನೋಡು," ಎಂದರು. ಎದ್ದು ಗುಡಿಯ ಅಂಗಳ ದಾಟುವಾಗ ನಾನು ಅವರ ಹಿಂದಿದ್ದೆ. ಅವರ ಎಡಗೈ ನಡಿಗೆಗೆ ತಕ್ಕಂತೆ ಬೀಸುತ್ತಿತ್ತು. ಬಲಗೈ ಮೊಣಕೈಯಲ್ಲಿ ಸ್ವಲ್ಪ ಮಡಚಿಕೊಂಡು, ಯಾವುದೋ ಚೀಲ ಹಿಡಿದಂತೆ, ಅಲ್ಲಾಡದೆ ಇತ್ತು. ನಾನು ಹೆಜ್ಜೆ ನಿಧಾನ ಮಾಡಿ ಅದನ್ನೇ ನೋಡುತ್ತ ನಡೆದೆ.

ಅದಕ್ಕಿಂತ ಮೊದಲೇ ಹಲಗೆಯ ಮೇಲಿನ ಅಕ್ಷರಗಳು ಸಣ್ಣವಾಗತೊಡಗಿದ್ದವು. ಸಾಲಿನ ಮೊದಲ ಅಕ್ಷರ ಅಂಗೈಯಷ್ಟಿದ್ದರೆ ಸಾಲು ಮುಗಿಯುವ ಹೊತ್ತಿಗೆ ಅಂಗಿಯ ಗುಂಡಿಯಷ್ಟಾಗುತ್ತಿತ್ತು. ಗೆರೆಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. "ಸರ್, ಟೈರಿನ ಮ್ಯಾಲಿನ ನಂಬರ್ ಓದಿದಂಗ ಆಗಾಕತ್ತೈತ್ರಿ," ಎಂದು ಜಾಫರ್ ನಕ್ಕಾಗ ಸರ್ ಚಾಕ್‌ಪೀಸು ಚಲೋ ಇಲ್ಲ ಎಂದು ಬೇರೆ ತೆಗೆದುಕೊಂಡರು. ಮುಂದಿನ ವಾರ ಹಲಗೆಯನ್ನೇ ನಮ್ಮ ಹತ್ತಿರಕ್ಕೆ ಸರಿಸಿದರು. ಅವರ ಮುಖದಲ್ಲಿ ನಗೆ, ಸಿಟ್ಟು ಎರಡೂ ಕಾಣದಂತಾಗಿದ್ದವು. ದನಿಯೂ ಒಳಗೊಳಗೇ ಉಳಿಯುತ್ತಿತ್ತು. ಇಂಥ ಲಕ್ಷಣಗಳ ಒಬ್ಬ ರೋಗಿಯನ್ನು ನಾನು ಕೂಡ್ಲಿಗಿಯಲ್ಲಿ ನೋಡಿಕೊಂಡಿದ್ದೆ. ಕಾಯಿಲೆಯ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಲ್ಲದ್ದಕ್ಕೆಲ್ಲ ಅಂಜುವ ಮನುಷ್ಯರಿಗೆ ಇದ್ದದ್ದನ್ನು ಹೇಗೆ ಹೇಳುವುದು?

ಮೊದಲು ಅಕ್ಕನಿಗೆ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಅಂಗಿ ಗುಂಡಿ ನಾನೇ ಹಾಕ್ತೀನಿ ಈಗ," ಎಂದರು. "ವಯಸ್ಸಾತು ಅಂತಾರೆ. ಉಣ್ಣುವಾಗ ಕೈ ಬಾಯಿತನ ಬರೋದು ತಡ ಆಗ್ತತೆ, ನಾನು ಆ ಕಡೆ ನೋಡ್ತೀನಿ. ನೀನೇ ಹೇಳವ್ವ. ನಾನು ಹೇಳಿದ್ರೆ ಬೀಗ ನೋಡಾಕೆ ಎದ್ದು ಹೋಗ್ತಾರೆ."

ಅವತ್ತೇ ಪಾಠ ಮುಗಿದ ಮೇಲೆ ಜಾಫರನನ್ನು ಮುಂದೆ ಕಳಿಸಿ ನಾನು ಉಳಿದೆ. "ಸರ್, ನಿಮ್ಮ ಅಕ್ಷರ ಸಣ್ಣ ಆಗ್ಯಾವ್ರಿ. ಚಾಕ್‌ಪೀಸಿಂದಲ್ಲ. ದಾವಣಗೆರ್ಯಾಗ ನರರೋಗದ ಡಾಕ್ಟರ್ ಅದಾರ, ಒಮ್ಮೆ ತೋರಸ್ರಿ," ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಹಲಗೆಯನ್ನು ಪೂರ್ತಿ ಒರೆಸಿದರು, ಮೂಲೆಯಲ್ಲಿ ಉಳಿದಿದ್ದ ಒಂದು ಗೆರೆಯನ್ನೂ ಬಿಡದೆ.

"ನನ್ನ ಕೈ ನನಗ ಗೊತ್ತೈತಿ," ಎಂದರು. "ಬಸ್ಸಿಗೆ ಹೊತ್ತಾತು, ಹೋಗು."

ಆ ಸಂಜೆ ಕೂಡ್ಲಿಗಿ ಮುಟ್ಟಿ ನಾನು ಫೋನ್ ಮಾಡಿದೆ. ಎತ್ತಲಿಲ್ಲ. ಅವರಿಂದಲೂ ಬರಲಿಲ್ಲ. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದ ನನ್ನನ್ನು ನೋಡಿ ನಮ್ಮವ್ವ "ಯಾರರ ಸತ್ತಾರೇನ?" ಎಂದು ಕೇಳಿದಳು. ಮರುದಿನ ಜಾಫರ್ ಫೋನ್ ಮಾಡಿ, ಪಾಠ ಸದ್ಯಕ್ಕೆ ಇಲ್ಲ, ಬರಬೇಡಿ ಎಂದು ಸರ್ ಹೇಳಿದ್ದಾರೆ ಎಂದ. ಸಂದರ್ಶನ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಕುಳಿತು ಒಬ್ಬಳೇ ಬರೆದೆ. ಬರೆದದ್ದು ಓದಲು ಬರುತ್ತದೋ ಇಲ್ಲವೋ ಹೇಳುವವರಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಅವರು ಬೀಗ ಜಗ್ಗುವುದನ್ನೂ ಬಿಟ್ಟು ಸುಮ್ಮನೆ ಕುಳಿತಿರಬಹುದು ಎಂಬ ಯೋಚನೆ ನನ್ನನ್ನು ತಿನ್ನುತ್ತಿತ್ತು. ಹೇಳಬಾರದಿತ್ತೇ? ಹೇಳದೆ ಬಿಡುವುದಾದರೂ ಹೇಗೆ?

ಹೀಗೇ ದಿನ ಕಳೆದು, ಒಂದು ಬೆಳಿಗ್ಗೆ ರೋಗಿಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಫೋನ್ ಬಂತು.

"ಸುಜಾತಾ, ದಾವಣಗೆರ್ಯಾಗ ಅದೀನವ್ವಾ. ಡಾಕ್ಟರ್ ಬಾಗಲ ಮುಂದ ಕುಂತೀನಿ. ನನ್ನ ಪಾಳಿ ಬಂದೈತಿ, ಒಳಗ ಹೋಗಾಕ ಕಾಲು ಏಳವಲ್ದು."

"ಅಕ್ಕನ ಕೈ ಹಿಡಕೊಂಡು ಹೋಗ್ರಿ ಸರ್. ಹೊರಗ ಬಂದ ಕೂಡ್ಲೆ ನನಗ ಫೋನ್ ಮಾಡ್ರಿ. ನಾ ಇಲ್ಲೇ ನಿಂತಿರ್ತೀನಿ."

ಅವರು ಫೋನ್ ಮಾಡುವವರೆಗೆ ಡ್ರೆಸ್ಸಿಂಗ್ ಟ್ರೇ ಹಿಡಿದು ವರಾಂಡದಲ್ಲಿ ನಿಂತೇ ಇದ್ದೆ. ಕೊನೆಗೆ ಬಂತು. "ಪಾರ್ಕಿನ್ಸನ್ ಅಂತ," ಎಂದರು. ಆಮೇಲೆ, "ಅಕ್ಷರದಿಂದನ ಗೊತ್ತಾತೇನು ಅಂತ ಕೇಳಿದ್ರು. ಹೌದು, ನಮ್ಮ ಹುಡಿಗಿ ಹಿಡದ್ಲು ಅಂದೆ," ಎಂದರು.

ಗುಳಿಗೆ ಶುರುವಾದವು. ದೊಡ್ಡದಾಗಿ ಬರೆದು ಅಭ್ಯಾಸ ಮಾಡಬೇಕು, ಗೆರೆ ಹಾಕಿದ ಹಾಳೆಯಿದ್ದರೆ ಕೈಗೆ ಅನುಕೂಲ ಎಂದು ಅಲ್ಲಿ ಹೇಳಿ ಕಳಿಸಿದ್ದರು. ನಾನು ಕೂಡ್ಲಿಗಿಯಲ್ಲಿ ಡ್ರಾಯಿಂಗ್ ಹಾಳೆ ಕೊಂಡು, ಅವರು ನಮಗೆ ಎಳೆದು ಕೊಡುತ್ತಿದ್ದಂಥವೇ ಚೌಕಗಳನ್ನು ಇನ್ನಷ್ಟು ದೊಡ್ಡದಾಗಿ ಎಳೆದು ಒಯ್ದೆ. ಕಲಿಯುವ ಮಕ್ಕಳ ಹಾಳೆಯಲ್ಲಿ ಬರೆಯಲು ಅವರಿಗೆ ನಾಚಿಕೆ. ಮುಟ್ಟಲೇ ಇಲ್ಲ.

"ಒಂದು ಅಕ್ಷರಕ್ಕ ಒಂದು ಮನಿ ಸರ್," ಎಂದೆ.

ಅವರ ಮುಖ ಹಾಗೇ ಇತ್ತು, ಭುಜ ಮಾತ್ರ ಕುಲುಕಿದವು. ನಗುತ್ತಿದ್ದಾರೆಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಪೆನ್ನು ತೆಗೆದುಕೊಂಡು ಬರೆದರು. ಚೌಕದೊಳಗೆ ಅಕ್ಷರ ಮೊದಲಿನಂತೆ ಅಗಲವಾಗಿ, ಕೈಕಾಲು ಚಾಚಿ ನಿಂತಿತು. ಚೌಕ ಬಿಟ್ಟು ಬರೆದರೆ ಮತ್ತೆ ಮುದುಡುತ್ತಿತ್ತು. ಅಕ್ಕ ಹಲಗೆಯ ಮೇಲೂ ಬಿಳಿ ಬಣ್ಣದಲ್ಲಿ ಚೌಕ ಎಳೆಸಿದರು. ಗುಳಿಗೆ ನುಂಗಿ ಸ್ವಲ್ಪ ಹೊತ್ತಿನ ಮೇಲೆ ಕೈ ಸಡಿಲಾಗುತ್ತಿತ್ತು, ಆಮೇಲೆ ಮತ್ತೆ ಬಿಗಿಯುತ್ತಿತ್ತು. ನಡುವಿನ ಆ ಹೊತ್ತೇ ನಮ್ಮ ಪಾಠ. ಗೋಡೆಯ ಗಡಿಯಾರದ ಕಡೆ ಒಂದು ಕಣ್ಣಿಟ್ಟುಕೊಂಡು ಕಲಿಯುತ್ತಿದ್ದೆವು.

ಆ ದಿನಗಳಲ್ಲೇ ಅವರು ಚಿಂತೆ ಎಂಬ ಮಾತನ್ನು ಬರೆಸಿದ್ದು. ಎರಡು ಅಕ್ಷರ, 心配. "ಮೊದಲಿಂದು ಹೃದಯ. ಎರಡನೇದು ಹಂಚೋದು. ಯಾರ ಬಗ್ಗೆ ಚಿಂತಿ ಮಾಡ್ತಿ, ಅವ್ರಿಗೆ ನಿನ್ನ ಹೃದಯ ಅಷ್ಟಷ್ಟು ಹಂಚಿದಂಗ," ಎಂದರು. ಅಕ್ಕ ಗುಳಿಗೆ, ನೀರು ತಂದು ಮುಂದಿಟ್ಟು, "ಅದಕ್ಕೇ ಇವ್ರ ಹತ್ರ ಏನೂ ಉಳಿದಿಲ್ಲ," ಎಂದರು.

ಸಂದರ್ಶನ ಸರ್ ಮನೆಯಲ್ಲೇ ಆಯಿತು. ಕೂಡ್ಲಿಗಿಯಲ್ಲಿ ಕರೆಂಟು ಹೋದರೆ, ನೆಟ್‌ವರ್ಕ್ ಕೈಕೊಟ್ಟರೆ ಎಂದು ಅವರು ಹಟ ಹಿಡಿದಿದ್ದರು. ಅವರ ಮನೆಯಲ್ಲಾದರೆ ಎರಡು ಫೋನು, ಜಾಫರ್ ಗ್ಯಾರೇಜಿನಿಂದ ತಂದ ಬ್ಯಾಟರಿ ಎಲ್ಲ ಸಿದ್ಧವಿತ್ತು. ಸಮಯವಾದಾಗ ಮಾತ್ರ ಸರ್ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ನೋಡುವ ಧೈರ್ಯ ಅವರಿಗಿರಲಿಲ್ಲ.

ತೆರೆಯ ಮೇಲೆ ಬಂದವರು ಆಶ್ರಯಧಾಮದ ಮುಖ್ಯಸ್ಥೆ, ಬಿಳಿಗೂದಲಿನ ಹೆಂಗಸು. ಮಾತು ಮೆದು, ಆದರೆ ಬಹಳ ವೇಗ. ಒಬ್ಬ ಅಜ್ಜನ ಸ್ಥಿತಿ ಹೇಳುತ್ತೇನೆ, ರಾತ್ರಿಯ ಪಾಳಿಯವರಿಗಾಗಿ ಬರೆ ಎಂದರು. ಎಡಗಾಲು ಊದಿಕೊಂಡಿದೆ, ಮಧ್ಯಾಹ್ನದ ಔಷಧ ತೆಗೆದುಕೊಂಡಿಲ್ಲ, ನೀರು ಕಡಿಮೆ ಕುಡಿದಿದ್ದಾರೆ. ಬೆವರಿಗೆ ನನ್ನ ಅಂಗೈ ಹಾಳೆಗೆ ಅಂಟುತ್ತಿತ್ತು. ಔಷಧ ಸರಿಯಾಗಿ ಬಂತು. ಎಡ ಎಂದು ಬರೆದ ಕಡೆ ಬೆವರು ತಾಗಿ ಶಾಯಿ ಕದಡಿತು. ಎಡ 左, ಬಲ 右. ಕೆಳಗಿನ ತುಂಡು ಬಿಟ್ಟರೆ ಎರಡೂ ಒಂದೇ ರೂಪ, ನನ್ನದರಲ್ಲಿ ಆ ಕೆಳಗಿನ ತುಂಡೇ ಕದಡಿತ್ತು. ಬಿಡಬಹುದಿತ್ತು. ಸಮಯವೂ ಮೀರುತ್ತಿತ್ತು. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಮತ್ತೆ ಬರೆದು, ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದೆ.

"ಯಾಕೆ ಹೊಡೆದು ಹಾಕಿದೆ? ನನಗೆ ಅದು ಎಡ ಎಂದೇ ಕಂಡಿತು," ಎಂದು ಆಕೆ ಕೇಳಿದರು.

"ನೀವು ನಾನು ಬರೆಯುವುದನ್ನು ನೋಡುತ್ತಿದ್ದಿರಿ. ರಾತ್ರಿ ಬರುವವರು ನೋಡಿರುವುದಿಲ್ಲ," ಎಂದೆ, ಗೊತ್ತಿದ್ದ ಜಪಾನಿಯಲ್ಲಿ.

ಆಕೆ ತಲೆಯಾಡಿಸಿ ಏನೋ ಬರೆದುಕೊಂಡರು. ಯಾರ ಹತ್ತಿರ ಕಲಿತೆ ಎಂದು ಕೇಳಿದಾಗ ನಾನು ಅಡುಗೆಮನೆಯ ಕಡೆ ತಿರುಗಿ ಕೂಗಿದೆ. ಬಾಗಿಲು ತೆರೆಯಿತು. ಸರ್ ಹೊಸ್ತಿಲಲ್ಲೇ ನಿಂತುಬಿಟ್ಟರು. ಆ ಕಾಯಿಲೆಯಲ್ಲಿ ಹಾಗೆ, ಹೊಸ್ತಿಲು ಬಂದರೆ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಅಕ್ಕ ತಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟರು. ಅದನ್ನು ದಾಟಿ ಸರ್ ಹೊರಗೆ ಬಂದರು. ಕ್ಯಾಮೆರಾದ ಮುಂದೆ ನಿಂತು ಅಲ್ಲಿಯವರ ಪದ್ಧತಿಯಂತೆ ಸೊಂಟದಿಂದ ಬಾಗಿ ನಮಸ್ಕಾರ ಮಾಡಿದರು. ಆಕೆಯೂ ಎದ್ದು ನಿಂತು ಬಾಗಿದರು. ಇಬ್ಬರೂ ಏನೇನೋ ಮಾತಾಡಿದರು, ನನಗೆ ಅರ್ಧ ತಿಳಿಯಿತು. ಅಲ್ಲಿ ಚಳಿ ಹೇಗೆ, ಹಿಮ ಬಿದ್ದ ರಸ್ತೆಯಲ್ಲಿ ಈ ಹುಡುಗಿ ಜಾರಿ ಬಿದ್ದರೆ ಯಾರು ನೋಡುತ್ತಾರೆ ಎಂದು ಸರ್ ವಿಚಾರಿಸುತ್ತಿದ್ದರು.

ಕೆಲಸ ಸಿಕ್ಕಿತು. ಹೊರಡುವ ಮುನ್ನ ಹೇಳಿ ಬರಲು ಹೋದಾಗ ಸರ್ ಬಸ್ ಸ್ಟ್ಯಾಂಡಿನವರೆಗೆ ಬಂದು, ಡ್ರೈವರನ ಮುಖ ನೋಡಿ, ನಿದ್ದೆಗೆಟ್ಟವನಂತೆ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನನ್ನು ಹತ್ತಿಸಿದರು.

ಇಲ್ಲಿಗೆ ಬಂದ ಮೇಲೆ ಭಾನುವಾರಗಳಂದು ವಿಡಿಯೋದಲ್ಲಿ ಮಾತಾಡುತ್ತಿದ್ದೆವು. ಕಲಿಯುವವರು ಹೆಚ್ಚಾಗಿದ್ದರು. ಹಡಗಲಿಯಿಂದ, ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ನರ್ಸಿಂಗ್ ಓದಿದ ಹುಡುಗಿಯರು ಬರುತ್ತಿದ್ದರು. ಆದರೆ ಗುಳಿಗೆಯ ಬಲ ಇಳಿಯುತ್ತ ಬಂತು. ಚೌಕದೊಳಗೂ ಅಕ್ಷರ ಮುದುಡತೊಡಗಿತು. ಪಾಠ ನಿಲ್ಲಿಸುತ್ತೇನೆ ಎಂದು ಸರ್ ಒಂದು ದಿನ ಹೇಳಿದಾಗ ಅಕ್ಕ ಅವರ ಕೈಯಿಂದ ಚಾಕ್‌ಪೀಸು ತೆಗೆದುಕೊಂಡರಂತೆ. "ನೀವು ಹೇಳ್ರಿ, ನಾನು ಗೀಚ್ತೀನಿ," ಎಂದರಂತೆ.

ಅಲ್ಲಿಂದ ಮುಂದೆ ಪಾಠ ನಡೆದದ್ದು ಹಾಗೆ. ಸರ್ ಕುರ್ಚಿಯಲ್ಲಿ ಕುಳಿತು, ಹತ್ತಿರ ಬಾಗಿದವರಿಗಷ್ಟೇ ಕೇಳುವ ದನಿಯಲ್ಲಿ ಹೇಳುವರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಹಲಗೆಯ ಮುಂದೆ ನಿಂತು ಬರೆಯುವರು. ನಾನು ಎಷ್ಟೋ ಸಲ ಫೋನಿನಲ್ಲಿ ಅದನ್ನು ನೋಡಿದ್ದೇನೆ.

"ಮೂರು ಹನಿ ನೀರು... ಕೆಳಗಿನ ಹನಿ ಮ್ಯಾಲಕ್ಕ ಎತ್ತು... ಗ್ವಾಡಿಗೆ ಬಡೀತು ನೋಡು."

"ಬಡೀಲಿ ಬಿಡ್ರಿ, ಸುಣ್ಣ ಹಚ್ಚಿದ್ರಾತು."

"ಅಳಿಸು."

ಅಕ್ಕ ಗೊಣಗುತ್ತ ಅಳಿಸಿ ಮತ್ತೆ ಬರೆಯುವರು. ಹುಡುಗಿಯರು ನಗು ತಡೆದುಕೊಂಡು ನೋಡಿ ಬರೆದುಕೊಳ್ಳುವರು. ಎರಡು ಮಳೆಗಾಲ ಹೀಗೆ ನಡೆಯಿತು.

ಮೂರನೆಯ ಮಳೆಗಾಲದಲ್ಲಿ ಸರ್‌ಗೆ ಜ್ವರ ಬಂದು ಎದೆಗೆ ಇಳಿಯಿತು. ವೀಸಾಕ್ಕೆ ಇನ್ನೂ ಕಾಯುತ್ತಿದ್ದ ಜಾಫರ್ ತನ್ನ ಗಾಡಿಯಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದ. ನಾನು ದಿನವೂ ಫೋನ್ ಮಾಡಿ ಉಸಿರಾಟ ಹೇಗಿದೆ, ನುಂಗಲು ಬರುತ್ತದೆಯೇ ಎಂದು ಕೇಳುತ್ತಿದ್ದೆ. ಉತ್ತರಗಳು ದಿನದಿಂದ ದಿನಕ್ಕೆ ಚಿಕ್ಕವಾಗುತ್ತ ಹೋದವು. ಕೊನೆಯ ಫೋನ್ ಬಂದಾಗ ನಾನು ಒಬ್ಬ ಅಜ್ಜಿಗೆ ಊಟ ಮಾಡಿಸುತ್ತಿದ್ದೆ. ತೆರೆಯ ಮೇಲೆ ಜಾಫರನ ಹೆಸರು ನೋಡಿಯೇ ತಿಳಿಯಿತು. ಅಜ್ಜಿಯ ಊಟ ಮುಗಿಸಿ ಹೊರಗೆ ಹೋಗಿ ಅತ್ತೆ. ಹೋಗಲು ರಜೆ ಸಿಗಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಫೋನ್ ಮಾಡಿದರು. "ಹುಡುಗೀರು ಕೇಳ್ತಾರೆ, ಪಾಠ ಐತೋ ಇಲ್ಲೋ ಅಂತ. ನಾನೇನು ಕಲಿತೋಳಲ್ಲ. ಅವ್ರು ಹೇಳ್ತಿದ್ರು, ಕೈ ಆಡಿಸ್ತಿದ್ದೆ. ಹೇಳೋರೇ ಇಲ್ಲ ಈಗ," ಎಂದರು. ನಾನು ಉಚ್ಚಾರ, ಅರ್ಥ ಎಲ್ಲ ಫೋನಿನಲ್ಲಿ ಹೇಳಿಕೊಡುತ್ತೇನೆ, ಬರೆಸುವುದನ್ನು ನೀವು ಮಾಡಿ ಎಂದೆ.

ಮುಂದಿನ ಭಾನುವಾರ ಅವರೇ ಮತ್ತೆ ಫೋನ್ ಮಾಡಿದರು. ದನಿ ದಣಿದಿತ್ತು.

"ಇವತ್ತು ಬಂದಿದ್ರು ಹುಡುಗೀರು. ಬೆಳಗು ಅನ್ನೋ ಅಕ್ಷರ ಬರಿಯಾಕೆ ಹೋದೆ. ಎಡಕ್ಕೆ ಸೂರ್ಯ, ಅದ್ರ ಮೇಲೆ ಕೆಳಗೆ ಅಡ್ಡ ಉದ್ದ ಗೆರೆ, ಎಲ್ಲ ಬರದೆ. ಬಲಕ್ಕೆ ಏನು ಅಂತ ಮರ್ತೇ ಹೋತು. ಸುಮ್ಮನೆ ಹಿಂದಕ್ಕೆ ತಿರುಗಿ ನೋಡಿಬಿಟ್ಟೆ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಖಾಲಿ ಕುರ್ಚಿ. ಹುಡುಗೀರೆಲ್ಲ ನನ್ನೇ ನೋಡ್ತಾವೆ. ಆಮೇಲೆ ಅಷ್ಟೂ ಅಳಿಸಿದೆ. ಮೊದಲಿಂದ ಸುರು ಮಾಡಿದೆ."

"ಆಮೇಲೆ ಅಕ್ಕಾ?"

"ಚಂದ್ರ. ಬಲಕ್ಕೆ ಚಂದ್ರ ಬರ್ತತೆ. ಕೈ ತಾನೇ ಹೋತು."